ಒಂದು ಹಳೆಯ ಕಾಗದ

ಶಸ್ತ್ರಚಿಕಿತ್ಸೆಯಾದ ಮೇಲೆ ಆಸ್ಪತ್ರೆಯವರು ಕೊಡುವ ಕಾಗದಗಳನ್ನು ಜೋಪಾನವಾಗಿಡುವ ರೂಢಿ ನಮ್ಮ ಕಡೆಯ ಮನೆಗಳಲ್ಲಿ ಕಡಮೆ. ಗಾಯ ಮಾಯಿತೆಂದರೆ ಕಾಗದದ ಕೆಲಸವೂ ಮುಗಿಯಿತೆಂದು ಭಾವಿಸುವರು. ಗರ್ಭಕೋಶದ ಕಾಯಿಲೆಯಾದರಂತೂ ಮತ್ತೆ ಆ ಮಾತನ್ನೆತ್ತಲು ಸಂಕೋಚ. ಇದರಿಂದ ಎಂತಹ ತೊಡಕುಂಟಾಗಬಹುದೆಂಬುದನ್ನು ನನ್ನ ಅತ್ತಿಗೆಯವರ ಕಾಯಿಲೆಯಿಂದ ತಿಳಿದೆನು.

ತಾಳಗುಂದದಲ್ಲಿಯೇ ಬಾಳಿದ ಅವರು, ನಲವತ್ತರ ಸುಮಾರಿನಲ್ಲಿ ಫೈಬ್ರಾಯ್ಡ್ ಗಡ್ಡೆಗಳಿಂದ ರಕ್ತಸ್ರಾವ ಹೆಚ್ಚಲು, ಗರ್ಭಕೋಶವನ್ನು ತೆಗೆಯಿಸಿಕೊಂಡಿದ್ದರು. ಅಂಡಾಶಯಗಳನ್ನು ಉಳಿಸಿದ್ದರು. ಕೆಲವು ವರ್ಷಗಳ ತರುವಾಯ, ಬಿಡದ ಕೆಮ್ಮಿಗಾಗಿ ಎದೆಯ ಕ್ಷ-ಕಿರಣ ಚಿತ್ರ ತೆಗೆಯಿಸಿದಾಗ ಎರಡು ಶ್ವಾಸಕೋಶಗಳಲ್ಲಿಯೂ ದುಂಡನೆಯ ಗಂಟುಗಳು ಕಂಡುವು. ಕ್ಷಯವಿರಬಹುದೆಂದು ಶಂಕಿಸಿದರು, ಕಫದಲ್ಲಿ ಅದರ ಕುರುಹಿರಲಿಲ್ಲ. ಬಳಿಕ ಕ್ಯಾನ್ಸರಿನ ಮಾತು ಬಂದಿತು. ಮನೆಯವರಿಗೆ ಅನ್ನ ಸೇರದಾಯಿತು.

“ಹಿಂದೆ ಆಪರೇಷನ್ ಏನಾದರೂ ಆಗಿತ್ತೆ?” ಎಂದು ವೈದ್ಯರು ಕೇಳಿದರು.

“ಆಗಿತ್ತು. ಆದರೆ ಅದಕ್ಕೂ ಎದೆಗೂ ಏನು ಸಂಬಂಧ, ಡಾಕ್ಟರೆ?” ಎಂದರು ಅಣ್ಣ.

ಸಂಬಂಧವುಂಟು. ಗರ್ಭಕೋಶದ ಸೌಮ್ಯವಾದ ಗಡ್ಡೆಯೇ ಅಪರೂಪವಾಗಿ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುವುದು. 1939ರಲ್ಲಿ ಸ್ಟೈನರ್ ಎಂಬ ವೈದ್ಯನು ಇದನ್ನು ವರ್ಣಿಸಿದನು. ಇಂದು ಇದಕ್ಕೆ ಬಿನೈನ್ ಮೆಟಾಸ್ಟಸೈಸಿಂಗ್ ಲಿಯೋಮಯೋಮ ಎಂದು ಹೆಸರು. ಗಡ್ಡೆಯ ಕಣಗಳು ರಕ್ತನಾಳಗಳ ಮೂಲಕ ಸಾಗುವುವೆಂದು ಅನೇಕರ ಅಭಿಪ್ರಾಯ.

ಅತ್ತಿಗೆಯವರ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ಹಳೆಯ ವರದಿ ದೊರೆಯಿತು. ಸೂಜಿಯಿಂದ ಗಂಟಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದೇ ನಯವಾದ ಸ್ನಾಯುಕಣಗಳು. ಕ್ಯಾನ್ಸರಿನಂತೆ ವಿಕಾರಗೊಂಡವಲ್ಲ, ಬಿರುಸಾಗಿ ಒಡೆದು ಹೆಚ್ಚುವುವೂ ಅಲ್ಲ. ಸ್ತ್ರೀಹಾರ್ಮೋನುಗಳಿಗೆ ಓಗೊಡುವ ಗುಣವೂ ಕಂಡಿತು. ಹಳೆಯ ವರದಿಯೊಡನೆ ಹೋಲಿಸಿ ರೋಗವನ್ನು ನಿರ್ಣಯಿಸಿದರು.

ಚಿಕಿತ್ಸೆಯೂ ಆ ಗುಣವನ್ನೇ ಅನುಸರಿಸುವುದು. ಹಾರ್ಮೋನನ್ನು ತಗ್ಗಿಸುವ ಔಷಧ ಕೊಡಬಹುದು, ಅಂಡಾಶಯಗಳನ್ನು ತೆಗೆಯಬಹುದು, ಗಂಟುಗಳು ಕೆಲವೇ ಇದ್ದರೆ ಅವನ್ನೇ ಕೊಯ್ದು ತೆಗೆಯಬಹುದು. ಮುಟ್ಟು ನಿಲ್ಲುವ ವಯಸ್ಸು ಸಮೀಪಿಸಿದ್ದರೆ ಕಾದು ನೋಡುವುದೂ ಉಂಟು. ಆಮೇಲೆ ಗಂಟುಗಳು ಕುಗ್ಗುವ ಸಂಭವವಿದೆ. ಅತ್ತಿಗೆಯವರು ಈ ಕೊನೆಯ ದಾರಿಯನ್ನೇ ಆರಿಸಿಕೊಂಡರು. ಕಾಲಕಾಲಕ್ಕೆ ಸಿ.ಟಿ. ಸ್ಕ್ಯಾನ್ ಆಗುತ್ತಿದೆ, ಗಂಟುಗಳು ಬೆಳೆದಿಲ್ಲ.

ಫೈಬ್ರಾಯ್ಡ್ ಬಹುಮಂದಿ ಹೆಂಗಸರಲ್ಲಿರುವುದು. ಅದು ಹೀಗೆ ಹರಡುವುದು ಅತಿವಿರಳ. ಆದುದರಿಂದ ಯಾರೂ ಅಂಜಬೇಕಾಗಿಲ್ಲ. ನಾನು ಹೇಳಬೇಕೆಂದಿರುವುದು ಬೇರೆ. ನಮ್ಮೂರ ಪ್ರಣವೇಶ್ವರನ ಗುಡಿಯ ಮುಂದಣ ಕಂಬದಲ್ಲಿ ಕುಬ್ಜಕವಿಯ ಶಾಸನ ಉಳಿದುದರಿಂದ, ಕದಂಬ ಮಯೂರಶರ್ಮನು ಕಂಚಿಗೆ ಹೋದ ವೃತ್ತಾಂತವನ್ನು ಸುಮಾರು 1500 ವರ್ಷಗಳ ಮೇಲೆಯೂ ಓದುತ್ತಿದ್ದೇವೆ. ಮನೆಯ ಹೆಂಗಸರ ದೇಹದ ವೃತ್ತಾಂತವನ್ನು ಹತ್ತು ವರ್ಷವಾದರೂ ಕಾಪಾಡಬಾರದೆ? ವಾಚಕರು ಆಸ್ಪತ್ರೆಯ ಕಾಗದಗಳನ್ನು ಒಂದು ಕಡೆ ಕಟ್ಟಿಡಲಿ. ವೈದ್ಯರು ಕೇಳದಿದ್ದರೂ ಹಿಂದಿನ ಆಪರೇಷನ್ನಿನ ಸಂಗತಿಯನ್ನು ಹೇಳಲಿ.