ಹೊಂಗೆಯಡಿಯ ಮಾಗಿ ಮಲ್ಲಿಗೆ

ಮೈಸೂರು ಮಲ್ಲಿಗೆಯ ವೈಭವವೆಲ್ಲ ಬೇಸಿಗೆಯದು. ಚಳಿ ಬಿದ್ದ ಮೇಲೆ ಅಜ್ಜೀಪುರದ ನಮ್ಮ ಹಿತ್ತಲನ್ನು ಆಳುವುದು ಮಾಗಿ ಮಲ್ಲಿಗೆ. ಹೂವಿನ ಅಂಗಡಿಯವರು ಕಾಕಡ ಎನ್ನುವುದು ಇದನ್ನೇ. ವರ್ಷವಿಡೀ ಹಸಿರಾಗಿರುವ ಪೊದೆ. ಎಲೆಗೂ ಎಳೆ ಕಾಂಡಕ್ಕೂ ಮೆತ್ತನೆಯ ರೋಮ. ಮೊಗ್ಗಿನ ಬುಡದಲ್ಲಿ ಸೂಜಿಯಂಥ ಹಸಿರು ಎಸಳುಗಳು, ಅವುಗಳ ನಡುವಿನಿಂದ ನೀಳವಾಗಿ ಮೇಲೇಳುವ ಬಿಳುಪು.

ಗಿಡ ಇರುವುದು ಹೊಂಗೆ ಮರದಡಿ. ಹನೂರು ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ, ನೆರಳೇ ಆಸ್ತಿ. ಹಾಗೆಂದು ದಟ್ಟ ನೆರಳಿಗೆ ಬಿಟ್ಟರೆ ಸೊಪ್ಪು ಹೆಚ್ಚಿ ಹೂ ಕುಗ್ಗುತ್ತದೆ. ಬೆಳಗಿನ ಎಳೆಬಿಸಿಲು ತಾಗಬೇಕು, ಮಧ್ಯಾಹ್ನದ ಉರಿ ತಪ್ಪಬೇಕು. ಅದಕ್ಕೇ ಮೂಡಲ ಕಡೆಯ ಕೊಂಬೆಗಳನ್ನಷ್ಟೇ ಸವರಿ, ಪಡುವಣದವನ್ನು ಹಾಗೇ ಬಿಡುತ್ತೇನೆ. ಈ ಬೆಳಕಿನ ಲೆಕ್ಕವೇ ನನಗೆ ಈ ಕೆಲಸದ ರುಚಿ. ಗೆಣ್ಣುಗಳ ನಡುವೆ ಅಂತರ ಹೆಚ್ಚಿ ರೆಂಬೆ ಬಳ್ಳಿಯಂತೆ ಚಾಚಿದರೆ ಬೆಳಕು ಸಾಲದು. ಎಲೆಯಂಚು ಸುಟ್ಟರೆ ಬಿಸಿಲು ಜಾಸ್ತಿ. ಗಿಡವೇ ಹೇಳುತ್ತದೆ, ನೋಡುವ ತಾಳ್ಮೆ ನಮಗಿರಬೇಕು.

ನಮ್ಮ ಕಡೆ ಹಿಂಗಾರು ದೊಡ್ಡ ಆಸರೆ. ಅಕ್ಟೋಬರ್ ಮಳೆ ನೆಲಕ್ಕಿಳಿದರೆ ಹೊಸ ಚಿಗುರು, ಚಿಗುರ ತುದಿಗೆ ಮೊಗ್ಗಿನ ಗೊಂಚಲು. ಪುಷ್ಯ ಹುಣ್ಣಿಮೆಗೆ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಯಲ್ಲಿ ಚಂದ್ರಮಂಡಲ ಉರಿಯುವ ಹೊತ್ತಿಗೆ ಪೊದೆ ತುಂಬ ಹೂ. ಇದರ ಘಮ ಗುಂಡುಮಲ್ಲಿಗೆಯಂತೆ ಬೀದಿಗೆಲ್ಲ ಹರಡುವುದಿಲ್ಲ. ಇಬ್ಬನಿ ಆರುವ ಮುನ್ನ ಹತ್ತಿರ ಹೋಗಿ ಬಗ್ಗಿದವರಿಗಷ್ಟೇ ಸಿಗುವ ತೆಳು ಪರಿಮಳ; ಆ ತೆಳುವೇ ನನಗಿಷ್ಟ. ಹೊತ್ತು ಏರುವ ಮೊದಲು ಮೊಗ್ಗು ಬಿಡಿಸಿ ಅವ್ವನ ಮುಂದೆ ಸುರಿದರೆ, ಆ ಕಡೆ ಎರಡು, ಈ ಕಡೆ ಎರಡು ಇಟ್ಟು, ನೆನೆಸಿದ ಬಾಳೆನಾರಿನಲ್ಲಿ ಕುಣಿಕೆ ಬಿಗಿಯುತ್ತಾ ಮಾರುಗಟ್ಟಲೆ ಕಟ್ಟುತ್ತಾರೆ. ಮೊಗ್ಗು ನೀಳವಾದ್ದರಿಂದ ಬೆರಳಿಗೆ ಸಲೀಸು, ದಾರ ಜಾರುವುದಿಲ್ಲ.

ಹೂ ಇಳಿಮುಖವಾದ ಮೇಲೆ, ಶಿವರಾತ್ರಿ ಕಳೆದು, ಕತ್ತರಿ ಹಾಕುತ್ತೇನೆ. ಹೊಸ ಚಿಗುರಿನಲ್ಲಿ ಹೂ ಬಿಡುವ ಗಿಡಕ್ಕೆ ಕತ್ತರಿಯೇ ಅರ್ಧ ಗೊಬ್ಬರ. ಉದುರಿದ ಹೊಂಗೆ ಎಲೆಯನ್ನು ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲೂ ತೇವ ನಿಲ್ಲುತ್ತದೆ. ಸವರಿದ ಕಡ್ಡಿಗಳನ್ನು ಎಸೆಯುವುದಿಲ್ಲ. ಮರದಡಿ ಏನೂ ಬರುವುದಿಲ್ಲವೆಂದು ಹಿತ್ತಲನ್ನು ಪಾಳು ಬಿಟ್ಟವರಿಗೆ ಕೊಡುತ್ತೇನೆ: ಎರಡು ಗೆಣ್ಣು ಮಣ್ಣಿನೊಳಗಿರಲಿ, ಬೇರು ಬಿಡುವ ತನಕ ತೇವ ಆರದಿರಲಿ, ನೆಡುವಾಗ ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆಂದು ಮೊದಲು ನಿಂತು ನೋಡಿ. ನನ್ನ ಕರಾರು ಇಷ್ಟೇ.