ಅಪ್ಪಯ್ಯನಿಗೊಂದು ರೀಲು

ಹಿಂಜೆವಾಡಿಯ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ, ನಾಲ್ಕು ಗಾಳದ ಕೋಲುಗಳು ಒರಗಿ ನಿಂತಿರುತ್ತವೆ. ಮನೆಗೆ ಬಂದವರು ಮೊದಲು ಕೇಳುವುದೇ ಅದನ್ನು. "ನಿಮ್ಮ ಯಜಮಾನ್ರದ್ದಾ?" ಯಜಮಾನರಿಗೆ ಮೀನಿನ ವಾಸನೆಯೇ ಆಗುವುದಿಲ್ಲ. ಕೋಲುಗಳು ನನ್ನವು. ಅದನ್ನು ಕಲಿಸಿದ್ದು ಅಪ್ಪಯ್ಯ.

ನಮ್ಮೂರು ತೀರ್ಥಹಳ್ಳಿ ಕಡೆ. ಮನೆಯ ಕೆಳಗೆ ಗದ್ದೆ, ಗದ್ದೆ ದಾಟಿದರೆ ಕೆರೆ. ತಮ್ಮನಿಗೆ ಮೀನು ತಿನ್ನುವುದು ಗೊತ್ತಿತ್ತೇ ಹೊರತು ಹಿಡಿಯುವ ತಾಳ್ಮೆ ಇರಲಿಲ್ಲ. ಹಾಗಾಗಿ ಎರೆಹುಳುವಿನ ಗೆರಟೆ ಹಿಡಿದು ಅಪ್ಪಯ್ಯನ ಹಿಂದೆ ಹೋಗುವ ಕೆಲಸ ನನಗೆ ಬಂತು. ವಾಟೆಯ ಕೋಲು, ತಂಗೂಸಿ ದಾರ, ಒಂದು ಬೆಂಡು, ಒಂದು ಗಾಳ. ರೀಲು ಗೀಲು ಏನೂ ಇಲ್ಲ. ಬೆಂಡು ಮುಳುಗಿದರೆ ಎತ್ತುವುದು, ಅಷ್ಟೇ. "ಹೆಣ್ಣುಹುಡುಗಿ ಕೈಗೆ ಗಾಳ ಕೊಟ್ಟಿದೀಯಲ್ಲ ಮಾರಾಯ" ಎಂದು ಯಾರೋ ಅಂದಾಗ ಅಪ್ಪಯ್ಯ, "ಮೀನಿಗೆ ಗೊತ್ತಾಗಲ್ಲ ಬಿಡಾ" ಎಂದಿದ್ದರು. ಮುಂದೆ ಕಾಲೇಜಿನಲ್ಲಿ ತೇಜಸ್ವಿಯವರನ್ನು ಓದಿದಾಗ, ಮೂಡಿಗೆರೆಯ ಈ ದೊಡ್ಡ ಮನುಷ್ಯನಿಗೂ ನಮ್ಮ ಅಪ್ಪಯ್ಯನ ಹುಚ್ಚೇ ಇದೆಯಲ್ಲ ಎಂದು ಖುಷಿಯಾಗಿತ್ತು.

ಎರಡು ವರ್ಷದ ಹಿಂದೆ ಅಪ್ಪಯ್ಯನಿಗೆ ಲಕ್ವ ಹೊಡೆಯಿತು. ಮಾತು ಮೂರು ತಿಂಗಳಲ್ಲಿ ಸರಿಯಾಯಿತು, ಕಾಲು ಕೋಲಿನ ಆಸರೆಗೆ ಒಗ್ಗಿತು. ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ಆ ಕೈಯ ವಿಚಿತ್ರವೆಂದರೆ, ಹಿಡಿಯುತ್ತದೆ, ಬಿಡುವುದಿಲ್ಲ. ಲೋಟ ಕೊಟ್ಟರೆ ಮುಷ್ಟಿ ಕಟ್ಟಿಕೊಳ್ಳುತ್ತದೆ, ಆಮೇಲೆ ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಬೇಕು.

ಅವ್ವ ಒಂದು ದಿನ ಫೋನಿನಲ್ಲಿ ಹೇಳಿದ್ದು: ಅಪ್ಪಯ್ಯ ಕೆರೆಗೆ ಹೋಗಿದ್ದರಂತೆ. ಗಾಳವನ್ನು ಮಂಡಿಯ ನಡುವೆ ಇಟ್ಟುಕೊಂಡು ಎಡಗೈಯಲ್ಲಿ ಹುಳ ಪೋಣಿಸಲು ನೋಡಿದರಂತೆ. ಎರೆಹುಳು ನುಣುಚಿಕೊಳ್ಳುವ ಜೀವ, ಅದಕ್ಕೆ ಎರಡು ಕೈಯೇ ಸಾಲದು. ಅರ್ಧ ಗಂಟೆ ಒದ್ದಾಡಿ, ಗೆರಟೆಯನ್ನು ಹುಳದ ಸಮೇತ ಕೆರೆಗೆ ಎಸೆದು ಮನೆಗೆ ಬಂದರಂತೆ. ತಮ್ಮ, ಪಕ್ಕದ ಮನೆಯ ಹುಡುಗನನ್ನು ಜೊತೆಗೆ ಕಳಿಸುತ್ತೇನೆ, ಅವನೇ ಹುಳ ಕಟ್ಟಿಕೊಡುತ್ತಾನೆ ಎಂದನಂತೆ. "ಹುಳ ಕಟ್ಟಕ್ಕೂ ಆಳು ಇಡಬೇಕನಾ ನಂಗೆ?" ಎಂದು ಅಪ್ಪಯ್ಯ ವಾಟೆ ಕೋಲನ್ನು ಅಟ್ಟಕ್ಕೆ ಎಸೆದರಂತೆ.

ಫೋನಿಟ್ಟ ಮೇಲೆ ನನಗೆ ಹೊಳೆದದ್ದು ಒಂದೇ: ಹುಳ ಬೇಡದ ಗಾಳ.

ಅಂಥದ್ದು ನನ್ನ ಬಾಲ್ಕನಿಯಲ್ಲೇ ಇತ್ತು. ಪುಣೆಗೆ ಬಂದ ಮೇಲೆ ಆಫೀಸಿನ ಇಬ್ಬರು ಸ್ನೇಹಿತರ ಜೊತೆ ಭಾನುವಾರ ಬೆಳಗ್ಗೆ ಮುಳಶಿ ಕಡೆ ಹೋಗುವ ಅಭ್ಯಾಸವಾಗಿತ್ತು. ಅಲ್ಲಿ ಲೂರ್ ಎಸೆಯುವುದನ್ನು ಕಲಿತೆ. ರಬ್ಬರಿನ ಪುಟ್ಟ ಮೀನು, ತಿರುಗುವ ತಗಡು, ಇವೇ ಲೂರ್. ನಮ್ಮ ಕಡೆ ಕೊರವ ಎನ್ನುವ ಮೀನನ್ನು ಇಲ್ಲಿಯವರು ಮರಳ್ ಎನ್ನುತ್ತಾರೆ. ಅದು ಹಸಿವಿಗೋ ಸಿಟ್ಟಿಗೋ ಹೋಗುತ್ತಿರುವ ತಗಡಿನ ಮೇಲೂ ಎರಗುತ್ತದೆ. ಈ ಹವ್ಯಾಸದ ಪರಿಭಾಷೆಯೆಲ್ಲ ಅಮೆರಿಕ, ಜಪಾನುಗಳಿಂದ ಬಂದದ್ದು. ಅಲ್ಲಿ ಬಾಸ್ ಎಂಬ ಮೀನಿಗಾಗಿ ದೊಡ್ಡ ಉದ್ಯಮವೇ ಬೆಳೆದಿದೆ. ನಾವು ಅವರ ಸಾಮಾನು ತಂದು ನಮ್ಮ ಕೊರವನ ಮುಂದೆ ಎಸೆಯುತ್ತೇವೆ.

ಎಸೆಯುವುದು ಎಂದೆನಲ್ಲ, ತೊಂದರೆ ಅಲ್ಲೇ. ಐವತ್ತು ಗ್ರಾಂ ಸೀಸದ ಗುಂಡನ್ನು ಯಾರು ಬೇಕಾದರೂ ದೂರ ಎಸೆಯಬಹುದು. ಮೂರೂವರೆ ಗ್ರಾಮಿನ ರಬ್ಬರ್ ಮೀನನ್ನು ಎಸೆದು ನೋಡಿ, ಎರಡು ಮಾರು ದೂರದಲ್ಲಿ ಬೀಳುತ್ತದೆ. ಹಗುರದ್ದನ್ನು ಎಸೆಯುವುದು ಕೈಯಲ್ಲ, ಕೋಲು. ಕೋಲು ಹಿಂದಕ್ಕೆ ಬಾಗಿ, ಬಿಲ್ಲಿನ ಹಾಗೆ ಬಲ ತುಂಬಿಕೊಂಡು, ನೆಟ್ಟಗಾಗುವಾಗ ಅದನ್ನು ಕಳಿಸಬೇಕು. ದಪ್ಪ ಕೋಲಿಗೆ ಮೂರು ಗ್ರಾಂ ತೂಗಿದ್ದೇ ಗೊತ್ತಾಗುವುದಿಲ್ಲ, ಅದು ಬಾಗುವುದೇ ಇಲ್ಲ. ಅದಕ್ಕೇ ಪ್ರತಿ ಕೋಲಿನ ಬುಡದಲ್ಲಿ ಎಷ್ಟು ಗ್ರಾಮಿನಿಂದ ಎಷ್ಟು ಗ್ರಾಮಿನವರೆಗೆ ಎಂದು ಬರೆದಿರುತ್ತಾರೆ. ನನ್ನ ಮೊದಲ ಕೋಲನ್ನು ಆ ಅಂಕಿ ನೋಡದೆ, ಬಣ್ಣ ನೋಡಿ ಕೊಂಡಿದ್ದೆ. ಈಗ ಅದು ಕಿಟಕಿ ಪರದೆಗೆ ಆಸರೆ. ದಾರದ್ದೂ ಅದೇ ಲೆಕ್ಕ. ದಪ್ಪವಾದಷ್ಟೂ ಗಾಳಿಗೆ ಸಿಕ್ಕಿ, ರಿಂಗಿಗೆ ಉಜ್ಜಿ, ಹಗುರದ ಲೂರನ್ನು ಹಿಂದಕ್ಕೆ ಎಳೆಯುತ್ತದೆ.

ಇನ್ನು ರೀಲು. ನನ್ನ ಬಳಿ ಆಗ ಇದ್ದ ಅತ್ಯುತ್ತಮ ವಸ್ತು ಎಂದರೆ ಒಂದು ಬೇಟ್ ಫಿನೆಸ್ ರೀಲು. ಎರಡು ವರ್ಷದ ಬೋನಸ್ಸಿನಲ್ಲಿ ಗಂಡನಿಗೆ ಪೂರ್ತಿ ಬೆಲೆ ಹೇಳದೆ ಕೊಂಡದ್ದು. ಕೋಲಿನ ಮೇಲೆ ಕೂರುವ ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ದಾರ ಬಿಚ್ಚಬೇಕಾದರೆ ಸ್ಪೂಲೇ ತಿರುಗಬೇಕು. ಲೂರು ಹಗುರವಾದರೆ ಅದಕ್ಕೆ ಸ್ಪೂಲನ್ನು ತಿರುಗಿಸುವ ಶಕ್ತಿ ಇರುವುದಿಲ್ಲ. ಜಪಾನಿನವರು ಅದಕ್ಕೆ ಸ್ಪೂಲನ್ನೇ ಆಳವಿಲ್ಲದ, ತೂತು ತೂತಾದ, ಕೆಲವೇ ಗ್ರಾಮಿನ ವಸ್ತುವನ್ನಾಗಿ ಮಾಡಿದರು. ಹೀಗೆ ಮೂರು ನಾಲ್ಕು ಗ್ರಾಮಿನದನ್ನೂ ಬೇಟ್‌ಕಾಸ್ಟರಿನಲ್ಲಿ ಎಸೆಯಬಹುದಾಯಿತು. ಅಂಗೈಯಲ್ಲಿ ಹಿಡಿದರೆ ಗುಬ್ಬಚ್ಚಿ ಹಿಡಿದ ಹಾಗಿರುತ್ತದೆ. ಅಪ್ಪಯ್ಯನ ಸೋತ ಕೈಗೆ ಇದಕ್ಕಿಂತ ಹಗುರವಾದದ್ದು ಯಾವುದಿದೆ ಎಂದು ದೀಪಾವಳಿಗೆ ಊರಿಗೆ ಹೋಗುವಾಗ ಅದನ್ನೇ ಬಟ್ಟೆಯಲ್ಲಿ ಸುತ್ತಿ ಒಯ್ದೆ.

ಹಗುರ ಎಂದರೆ ಸುಲಭ ಎಂದುಕೊಂಡದ್ದು ನನ್ನ ದಡ್ಡತನ.

ಬೇಟ್‌ಕಾಸ್ಟರಿನ ಜುಟ್ಟು ಹೆಬ್ಬೆರಳಿನಲ್ಲಿದೆ. ಲೂರು ಗಾಳಿಯಲ್ಲಿ ನಿಧಾನವಾದ ಹಾಗೆ ಸ್ಪೂಲೂ ನಿಧಾನವಾಗಬೇಕು. ಆಗದಿದ್ದರೆ ಹೊರಗೆ ಹೋಗಲು ಜಾಗವಿಲ್ಲದ ದಾರ ಒಳಗೇ ಉಬ್ಬಿ ಸಿಕ್ಕಾಗುತ್ತದೆ. ಬ್ರೇಕುಗಳಿವೆ, ಆದರೂ ಕೊನೆಗೆ ಹೆಬ್ಬೆರಳು ಸ್ಪೂಲನ್ನು ಸವರುತ್ತಿರಬೇಕು. ಇದು ನನ್ನ ಬಲಗೈಗೆ ಒಗ್ಗಲು ಆರು ತಿಂಗಳು ಬೇಕಾಗಿತ್ತು. ಅಪ್ಪಯ್ಯನಿಗೆ ನಾನು ಕೊಡುತ್ತಿದ್ದದ್ದು ಅರವತ್ತೇಳು ವರ್ಷ ಬರೀ ಬಲಗೈಗೆ ಸಹಾಯಕನಾಗಿದ್ದ ಎಡಗೈಗೆ. ಮೊದಲ ಎಸೆತಕ್ಕೇ ರೀಲಿನ ಬಾಯಿಂದ ದಾರ ಉಕ್ಕಿ ಬಂತು. ಅಪ್ಪಯ್ಯ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಗೀಜಗನ ಗೂಡು" ಎಂದರು. ಬಿಡಿಸಲು ನನ್ನ ಎರಡು ಕೈಗೆ ಇಪ್ಪತ್ತು ನಿಮಿಷ ಹಿಡಿಯಿತು. ಒಂದು ಕೈಯವರು ಆ ಗೂಡನ್ನು ಬಿಡಿಸುವುದು ಹೇಗೆ? ಸಾಲದ್ದಕ್ಕೆ ರೀಲಿನ ಹ್ಯಾಂಡಲ್ ಬಲಕ್ಕಿತ್ತು. ಈ ಜಾತಿಯಲ್ಲಿ ಕೊಳ್ಳುವಾಗಲೇ ಎಡವೋ ಬಲವೋ ಎಂದು ಆರಿಸಬೇಕು, ಆಮೇಲೆ ಬದಲಿಸಲಾಗುವುದಿಲ್ಲ. ತಿರುಗಿಸಬೇಕಾದ ಕೈ ಯಾವುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಅಪ್ಪಯ್ಯನ ಬಗ್ಗೆ ಯೋಚಿಸುತ್ತಿದ್ದೇನೆ ಎಂದುಕೊಂಡು ನನ್ನ ರೀಲಿನ ಬಗ್ಗೆ ಯೋಚಿಸುತ್ತಿದ್ದೆ.

ಮರುದಿನ ಸ್ಪಿನ್ನಿಂಗ್ ರೀಲು ಹಾಕಿದೆ. ಕೋಲಿನ ಕೆಳಗೆ ನೇತಾಡುವ, ಎಲ್ಲ ಅಂಗಡಿಯಲ್ಲೂ ಸಿಗುವ ರೀಲು. ಹಗುರದ ಲೂರಿಗೆ ನಿಜಕ್ಕೂ ಇದೇ ವಾಸಿ. ಯಾರಾದರೂ ಹೊಸಬರು ಕೇಳಿದರೆ ಆರೂವರೆ ಅಡಿಯ ತೆಳು ಕೋಲು, 1000 ಅಥವಾ 2000 ಅಳತೆಯ ಸ್ಪಿನ್ನಿಂಗ್ ರೀಲು, ಸಣ್ಣ ಹೆಣೆದ ದಾರ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಇದರಲ್ಲಿ ಸ್ಪೂಲು ತಿರುಗುವುದಿಲ್ಲ, ನಿಂತ ಉಂಡೆಯಿಂದ ದಾರ ಸುರುಳಿ ಸುರುಳಿಯಾಗಿ ಜಾರುತ್ತದೆ. ಗೀಜಗನ ಗೂಡಿನ ಭಯ ಇಲ್ಲ. ಹ್ಯಾಂಡಲನ್ನು ಎಡಕ್ಕೂ ಹಾಕಬಹುದು. ಆದರೆ ಎಸೆಯುವ ಮುಂಚೆ ತೋರುಬೆರಳಿಗೆ ದಾರ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ತಂತಿಯ ಬೇಲನ್ನು ಎತ್ತಬೇಕು. ಆ ಇನ್ನೊಂದು ಕೈ ಎಲ್ಲಿದೆ? ಅಪ್ಪಯ್ಯ ಗಲ್ಲದಿಂದ ಬೇಲ್ ಎತ್ತಲು ನೋಡಿದರು. ಎರಡು ಸಲ. ಮೂರನೇ ಸಲ ನಾನು ಕೈ ಚಾಚಿದೆ. ಅವರು ಕೋಲನ್ನು ನನ್ನ ಕೈಗೇ ಕೊಟ್ಟು, "ನೀ ಹಾಕು, ನಾ ನೋಡ್ತೀನಿ" ಎಂದು ಕೆರೆಯ ಏರಿಯ ಮೇಲೆ ಕೂತರು. ಆ ಸಂಜೆ ನನಗೊಂದು ಒಳ್ಳೆಯ ಕೊರವ ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು.

ಪುಣೆಗೆ ವಾಪಸಾದ ಮೇಲೆ ಸುಮಾರು ದಿನ ಆ ಗಲ್ಲ ಕಣ್ಣ ಮುಂದೆ ಬರುತ್ತಿತ್ತು. ಉತ್ತರ ಸಿಕ್ಕಿದ್ದು ನಾವು ಹವ್ಯಾಸಿಗಳು ತಮಾಷೆ ಮಾಡುವ ವಸ್ತುವಿನಲ್ಲಿ. ಸ್ಪಿನ್‌ಕಾಸ್ಟ್ ಎಂಬ ರೀಲಿದೆ. ಮುಂಭಾಗಕ್ಕೆ ಬಟ್ಟಲು ಕವುಚಿದ ಹಾಗೆ ಮುಚ್ಚಳ, ಮುಚ್ಚಳದ ನಡುವಿನ ತೂತಿನಿಂದ ದಾರ, ಹಿಂದೆ ಒಂದು ಗುಂಡಿ. ಹೆಬ್ಬೆರಳಲ್ಲಿ ಗುಂಡಿ ಒತ್ತಿ ಹಿಡಿದು ಬೀಸುವುದು, ಬಿಡುವುದು. ಹ್ಯಾಂಡಲ್ ಒಂದು ಸುತ್ತು ತಿರುಗಿಸಿದರೆ ಒಳಗಿನ ಮೊಳೆ ತಾನೇ ದಾರ ಹಿಡಿಯುತ್ತದೆ. ಅಮೆರಿಕದಲ್ಲಿ ಮಕ್ಕಳಿಗೆ ಮೊದಲು ಕೊಡುವುದು ಇದನ್ನೇ. ಇದರ ಕಥೆಯೂ ಮಜವಾಗಿದೆ. ಓಕ್ಲಹೋಮಾದ ಟಲ್ಸಾದಲ್ಲಿ ಎಣ್ಣೆಬಾವಿಗಳಿಗೆ ಸಿಡಿಮದ್ದು ಮಾಡುತ್ತಿದ್ದ ಝೀರೋ ಅವರ್ ಬಾಂಬ್ ಕಂಪನಿಗೆ ಆರ್. ಡಿ. ಹಲ್ ಎಂಬ ಗಡಿಯಾರ ರಿಪೇರಿಯ ಮನುಷ್ಯ ಒಂದು ರೀಲಿನ ಮಾದರಿ ಹಿಡಿದು ಬಂದ. ಅಂಗಡಿಯಲ್ಲಿ ಪೊಟ್ಟಣ ಕಟ್ಟುವವರು ಅಲುಗಾಡದ ಉಂಡೆಯಿಂದ ದಾರ ಎಳೆಯುವುದನ್ನು ನೋಡಿ ಅವನಿಗೆ ಹೊಳೆದದ್ದಂತೆ. 1949ರಲ್ಲಿ ಆ ಬಾಂಬು ಕಂಪನಿ ರೀಲು ಮಾಡತೊಡಗಿತು. ಕಂಪನಿಯ ಹೆಸರಿನ ಮೊದಲಕ್ಷರಗಳೇ ಕೂಡಿ ಝೆಬ್ಕೋ ಆಯಿತು.

ಡಲ್ಲಾಸಿನಲ್ಲಿರುವ ಚಿಕ್ಕಪ್ಪನ ಮಗ ಡಿಸೆಂಬರಿನಲ್ಲಿ ಬರುವವನಿದ್ದ. ಹ್ಯಾಂಡಲ್ ಎಡಕ್ಕೆ ಹಾಕಬಹುದಾದದ್ದೇ ಬೇಕು ಎಂದು ಹತ್ತು ಸಲ ಹೇಳಿ ತರಿಸಿದೆ. ಇಪ್ಪತ್ತೈದು ಡಾಲರ್. "ಅಕ್ಕಾ, ಇದರ ಡಬ್ಬಿ ಮೇಲೆ ಪಾಪುವಿನ ಚಿತ್ರ ಇದೆ, ಗೊತ್ತಲ್ಲ?" ಎಂದ.

ಆಮೇಲೆ ಕೋಲಿನ ಚಿಂತೆ. ಸ್ಪಿನ್‌ಕಾಸ್ಟಿನಲ್ಲಿ ದಾರ ಮುಚ್ಚಳದ ಒಳಗೆ ಉಜ್ಜಿಕೊಂಡು ಬರುವುದರಿಂದ ಮೂರು ಗ್ರಾಮಿನದನ್ನು ದೂರ ಎಸೆಯುವ ಆಸೆ ಬಿಡಬೇಕು. ನನ್ನ ಹಗುರದ ಗೀಳನ್ನು ಸ್ವಲ್ಪ ಅದುಮಿ ಐದರಿಂದ ಏಳು ಗ್ರಾಂ ಎಂದು ನಿಗದಿ ಮಾಡಿದೆ. ನಾವೆಲ್ಲ ಮೆಚ್ಚುವ ಬಿಗಿ ಕಾರ್ಬನ್ ಕೋಲುಗಳು ತುದಿಯಲ್ಲಿ ಮಾತ್ರ ಬಾಗುತ್ತವೆ, ಅವಕ್ಕೆ ಮಣಿಕಟ್ಟಿನ ಚುರುಕು ಬೇಕು. ಅಪ್ಪಯ್ಯನ ಎಡಗೈ ನಿಧಾನವಾಗಿ ಬೀಸುತ್ತದೆ. ನಿಧಾನದ ಬೀಸಿಗೆ ನಡುವಿನವರೆಗೂ ಬಾಗುವ ಸೋಮಾರಿ ಕೋಲೇ ಸರಿ. ಪುಣೆಯ ಒಂದು ಹಳೆಯ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಫೈಬರ್ ಗ್ಲಾಸಿನ ಕೋಲು ಸಿಕ್ಕಿತು. ಐದೂವರೆ ಅಡಿ. ಅಂಗಡಿಯವರು ಅದನ್ನು ಮಾರುವುದಕ್ಕೇ ನಾಚಿಕೊಂಡರು. ಹಿಡಿಕೆಗೆ ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ ಎರಡು ಪದರ ಏರಿಸಿದೆ. ಚಮಚದ ಹಿಡಿ ದಪ್ಪ ಮಾಡಿಕೊಡಿ ಎಂದು ಶಿವಮೊಗ್ಗದ ಫಿಸಿಯೋಥೆರಪಿಯವರು ಹೇಳಿದ್ದು ನೆನಪಿತ್ತು. ಗಾಳಗಳ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದೆ. ಮೀನನ್ನು ಒಂದೇ ಕೈಯಲ್ಲಿ ಬಿಡಿಸಬೇಕಲ್ಲ. ಡಬ್ಬಿಯನ್ನು ಪುಣೆಯಲ್ಲೇ ಬಿಟ್ಟೆ. ರೀಲಿನ ಮೇಲಿದ್ದ ನಗುವ ಮೀನಿನ ಸ್ಟಿಕ್ಕರನ್ನು ಸೀಮೆಎಣ್ಣೆ ಹಚ್ಚಿ ಕೆರೆದು ತೆಗೆದೆ.

ಸಂಕ್ರಾಂತಿಗೆ ಮೂರು ದಿನ ರಜೆ. ಮೊದಲ ದಿನ ಅಂಗಳದಲ್ಲಿ, ಗಾಳ ಕಟ್ಟದೆ, ಬರೀ ಒಂದು ನಟ್ಟು ಕಟ್ಟಿ ಎಸೆದರು. ಎಡಗೈಯಲ್ಲಿ ಗುಂಡಿ ಒತ್ತಿ ಬೀಸುವುದು, ಬಿಡುವುದು, ಆಮೇಲೆ ಕೋಲನ್ನು ಬಲಮುಷ್ಟಿಯೊಳಗೆ ತುರುಕುವುದು, ಎಡಗೈಯಲ್ಲಿ ಸುತ್ತುವುದು. ಹಿಡಿದದ್ದನ್ನು ಬಿಡದ ಆ ಕೈಗೆ ಕೊನೆಗೂ ತಕ್ಕ ಕೆಲಸ ಸಿಕ್ಕಿತ್ತು. ನಟ್ಟು ಒಮ್ಮೆ ಹಟ್ಟಿಯ ಹೆಂಚಿಗೆ ಬಡಿಯಿತು, ಒಮ್ಮೆ ಅವ್ವನ ತುಳಸಿಕಟ್ಟೆಗೆ. ಅವ್ವ ಬೈದರು. ಅಪ್ಪಯ್ಯ ನಿಲ್ಲಿಸಲಿಲ್ಲ.

ಎರಡನೇ ದಿನ ಕೆರೆ. ಜಾಗ ಆರಿಸಿದ್ದು ಅವರೇ, ತೂಬಿನ ಹತ್ತಿರ, ಅಂತರಗಂಗೆ ಇಲ್ಲದ ಕಡೆ. ಕಳೆಯೊಳಗೆ ಕೊರವ ಹಿಡಿಯಲು ದಪ್ಪ ದಾರ ಬೇಕು, ನಮ್ಮದು 10 ಪೌಂಡಿನ ನೈಲಾನ್. ನಾನು ಹೇಳುವ ಮೊದಲೇ ಅವರಿಗದು ತಿಳಿದಿತ್ತು. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ತೇಲುವ ಮೂಲೆಯನ್ನೂ ತೋರಿಸಿದರು. ಮರಿ ಕಾಯುವ ಕೊರವನಿಗೆ ಗಾಳ ಹಾಕಬಾರದು ಎನ್ನುವುದು ಅವರ ಹಳೆಯ ಕಾನೂನು, ಪ್ಲಾಸ್ಟಿಕ್ ಮೀನಿಗೂ ಅದು ಅನ್ವಯ. ಮೂವತ್ತು ನಲವತ್ತು ಸಲ ಎಸೆದರು. ಏನೂ ಬರಲಿಲ್ಲ. ಪಕ್ಕದ ಮನೆಯ ಹುಡುಗ ಬಂದು ನೋಡಿ, "ಅಜ್ಜಯ್ಯ, ಇದು ಮಕ್ಕಳ ರೀಲು. ಯೂಟ್ಯೂಬಲ್ಲಿ ನೋಡಿದೀನಿ" ಎಂದುಬಿಟ್ಟ. ನನ್ನ ಎದೆ ಧಸಕ್ಕೆಂದಿತು.

ಅಪ್ಪಯ್ಯ ಸುತ್ತುವುದನ್ನು ನಿಲ್ಲಿಸದೆ, "ಹೌದನಾ? ಹಂಗಾರೆ ನಿಂಗೂ ಕಲಿಸ್ತೀನಿ, ತಡಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಸ್ಟಿಕ್ಕರು ಕಿತ್ತಿದ್ದು ಗೊತ್ತಾಗತ್ತೆ. ಅಂಟು ಹಂಗೇ ಅದೆ" ಎಂದರು.

ಮೂರನೇ ದಿನ ಸಂಜೆ ನಾನು ಪುಣೆಯ ಬಸ್ಸು ಹತ್ತಿದೆ. ಹುಬ್ಬಳ್ಳಿ ದಾಟಿದ ಮೇಲೆ ತಮ್ಮನ ಫೋನಿನಿಂದ ಒಂದು ಫೋಟೋ ಬಂತು. ತೂಬಿನ ಕಲ್ಲಿನ ಮೇಲೆ ಒಂದು ಕೊರವ, ಪಕ್ಕದಲ್ಲಿ ಅಪ್ಪಯ್ಯನ ಎಡಗೈ ಮಾತ್ರ. ನಿಲ್ಲಲಾರದೆ ಆಗಲೇ ಫೋನ್ ಮಾಡಿದೆ. ಎಷ್ಟು ತೂಕ ಎಂದೆ.

"ತೂಗಿಲ್ಲ, ಸಾರಾಯ್ತು" ಎಂದರು. "ಕೇಳಿಲ್ಲಿ ಮಗಾ. ಆ ಹಸಿರು ಬಾಲದ್ದು ಹೋಯ್ತು, ಕೇದಗೆ ಬುಡಕ್ಕೆ ಸಿಕ್ಕಿ. ಇನ್ನೆರಡು ಕಳಿಸು. ಹಸಿರು ಬೇಡ. ಕಪ್ಪಿದ್ರೆ ನೋಡು."