ಲೇಶ್ಯೆಯ ಬಣ್ಣ, ಮೈಯ ಬಣ್ಣ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 10ನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ರಚಿಸಿದ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ, ಕಾಡಿನ ನಡುವೆ ದಾರಿ ತಪ್ಪಿದ ಆರು ಮಂದಿ ಪಥಿಕರ ದೃಷ್ಟಾಂತವೊಂದಿದೆ. ಫಲಭರಿತವಾದ ಮರವನ್ನು ಕಂಡು ಒಬ್ಬನು ಅದನ್ನು ಬುಡಸಮೇತ ಕೀಳಬೇಕೆಂದು ಬಗೆಯುತ್ತಾನೆ. ಇನ್ನೊಬ್ಬನು ಕಾಂಡವನ್ನು, ಮತ್ತೊಬ್ಬನು ಕೊಂಬೆಯನ್ನು, ಮಗದೊಬ್ಬನು ರೆಂಬೆಯನ್ನು ಕಡಿಯಬೇಕೆನ್ನುತ್ತಾನೆ. ಐದನೆಯವನು ಹಣ್ಣನ್ನಷ್ಟೇ ಕೊಯ್ಯಬಯಸುತ್ತಾನೆ. ಆರನೆಯವನಿಗೆ ತಾನಾಗಿ ಉದುರಿದುದೇ ಸಾಕು. ಇವರ ಮನಸ್ಸಿನ ಬಣ್ಣಗಳೇ ಕ್ರಮವಾಗಿ ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ ಲೇಶ್ಯೆಗಳು. ಇನ್ನೂ ಯಾರೂ ಕೊಡಲಿಯನ್ನು ಎತ್ತಿಲ್ಲವೆಂಬುದು ಗಮನಾರ್ಹ. ಬಗೆದುದಕ್ಕೇ ಬಣ್ಣ ಕಟ್ಟಿದೆ.

ಮೈಬಣ್ಣವಾದರೋ ನಾಮಕರ್ಮದ ಫಲ. ಅದನ್ನು ಆಚಾರ್ಯರು ದ್ರವ್ಯಲೇಶ್ಯೆಯೆಂದು ಬೇರೆಯಾಗಿಯೇ ಎಣಿಸಿದ್ದಾರೆ. ಕೃಷ್ಣಲೇಶ್ಯೆಯ ಹೆಸರು ಹಿಡಿದು ಕಪ್ಪು ಮೈಯನ್ನು ಹಳಿಯುವವರು ಗ್ರಂಥವನ್ನು ಅರ್ಧಕ್ಕೇ ಮುಚ್ಚಿದವರು. 20ನೆಯ ತೀರ್ಥಂಕರರಾದ ಮುನಿಸುವ್ರತರೂ 22ನೆಯವರಾದ ನೇಮಿನಾಥರೂ ಶ್ಯಾಮವರ್ಣದವರೆಂದೇ ಪುರಾಣಗಳು ಹೇಳುತ್ತವೆ. ಕೇವಲಜ್ಞಾನಿಗಳಾದ ಅವರ ಭಾವಲೇಶ್ಯೆಯೋ ಶುಕ್ಲ.

ಆದರೂ ಬೆಳಿಗ್ಗೆ ನೇಮಿಜಿನರಿಗೆ ಕ್ಷೀರಾಭಿಷೇಕ ಮಾಡಿಸಿದ ಶ್ರಾವಕರೇ ಸಂಜೆ ಕನ್ಯೆಯನ್ನು ನೋಡಿ, ‘ಹುಡುಗಿ ಸ್ವಲ್ಪ ಕಪ್ಪು’ ಎಂದು ಎದ್ದುಬರುವುದುಂಟು. ಒಳಮನೆಯಲ್ಲಿ ಆ ಮಾತನ್ನು ಕೇಳಿಸಿಕೊಂಡ ಮಗಳು ಮರುದಿನ ಅದೇ ಬಸದಿಗೆ ಹೋಗಿ, ಅದೇ ಶ್ಯಾಮಲ ಜಿನರಿಗೆ ಕೈಮುಗಿದು ನಿಲ್ಲುತ್ತಾಳೆ.